ಆರ್‌ಎಸ್‌ಎ ಕೀಲಿಗಳ ಮೂಲಪತ್ತೆ

ಆರ್‌ಎಸ್‌ಎ ಕೀಲಿಗಳ ಮೂಲಪತ್ತೆ ಎಂದರೆ ಒಂದು ಸಾರ್ವಜನಿಕ ಕೀಲಿಯನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಪರಿಶೀಲಿಸಿ, ಅದು ಯಾವ ತಂತ್ರಾಂಶದಲ್ಲಿ ಅಥವಾ ಯಾವ ಸ್ಮಾರ್ಟ್‌ಕಾರ್ಡ್ ಚಿಪ್‌ನಲ್ಲಿ ತಯಾರಾಗಿರಬಹುದೆಂದು ನಿರ್ಣಯಿಸುವ ವಿಧಾನ. 2016ರಲ್ಲಿ ಜೆಕ್ ಗಣರಾಜ್ಯದ ಬ್ರನೋ ನಗರದಲ್ಲಿರುವ ಮಸಾರಿಕ್ ವಿಶ್ವವಿದ್ಯಾಲಯದ ಪೆಟ್ರ್ ಶ್ವೆಂಡಾ ಮತ್ತು ಸಂಗಡಿಗರು ಇದನ್ನು ವಿಸ್ತಾರವಾಗಿ ನಿರೂಪಿಸಿದರು. ಇದರ ಮುಂದುವರಿಕೆಯಾದ ಸಂಶೋಧನೆಯಿಂದ 2017ರಲ್ಲಿ ಎಸ್ಟೋನಿಯಾದ ಗುರುತಿನ ಚೀಟಿಗಳಲ್ಲಿ ಅಡಗಿದ್ದ ಗಂಭೀರ ದೋಷವೊಂದು ಬೆಳಕಿಗೆ ಬಂದಿತು.

ಹಿನ್ನೆಲೆ

ಆರ್‌ಎಸ್‌ಎ ಗೂಢಲಿಪಿ ವಿಧಾನವನ್ನು 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ರೂಪಿಸಿದರು. ಇದರಲ್ಲಿ ಎರಡು ಬೃಹತ್ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಬಂದ ಗುಣಲಬ್ಧವನ್ನು ಎಲ್ಲರಿಗೂ ತಿಳಿಸಲಾಗುತ್ತದೆ. ಅಪವರ್ತನಗಳನ್ನು ಗುಟ್ಟಾಗಿ ಇಡಲಾಗುತ್ತದೆ. ಅವಿಭಾಜ್ಯಗಳನ್ನು ಯಾದೃಚ್ಛಿಕವಾಗಿ ಆರಿಸಬೇಕೆಂಬುದು ನಿಯಮ. ಆದರೆ ಆರಿಸುವ ಕ್ರಮವು ತಂತ್ರಾಂಶದಿಂದ ತಂತ್ರಾಂಶಕ್ಕೆ ಬೇರೆಯಾಗಿರುತ್ತದೆ. ಲೇಖಕನ ಪದಬಳಕೆಯಂತೆ ಈ ಕ್ರಮವೂ ತನ್ನ ಗುರುತನ್ನು ಗುಣಲಬ್ಧದಲ್ಲಿ ಉಳಿಸುತ್ತದೆ.

ವಿಧಾನ

ಮೂರಕ್ಕಿಂತ ದೊಡ್ಡದಾದ ಯಾವುದೇ ಅವಿಭಾಜ್ಯವನ್ನು 3ರಿಂದ ಭಾಗಿಸಿದರೆ ಶೇಷ 1 ಅಥವಾ 2 ಬರುತ್ತದೆ. ಅಧ್ಯಯನದ ಕಾಲದ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶವು, ಒಂದನ್ನು ಕಳೆದಾಗ 3ರಿಂದ ನಿಶ್ಶೇಷವಾಗಿ ಭಾಗವಾಗುವ ಅವಿಭಾಜ್ಯಗಳನ್ನು ಕೈಬಿಡುತ್ತಿತ್ತು. ಹೀಗಾಗಿ ಶೇಷ 2 ಬರುವ ಅವಿಭಾಜ್ಯಗಳಷ್ಟೇ ಉಳಿಯುತ್ತಿದ್ದವು. ಅಂತಹ ಎರಡರ ಗುಣಲಬ್ಧದ ಶೇಷ ಯಾವಾಗಲೂ 1. ಉದಾಹರಣೆಗೆ, 5 ಮತ್ತು 11ರ ಗುಣಲಬ್ಧ 55. ಅದನ್ನು 3ರಿಂದ ಭಾಗಿಸಿದರೆ 1 ಉಳಿಯುತ್ತದೆ. ಈ ನಿರ್ಬಂಧವಿಲ್ಲದ ತಂತ್ರಾಂಶದಲ್ಲಿ 1 ಮತ್ತು 2 ಹೆಚ್ಚುಕಡಿಮೆ ಸಮನಾಗಿ ಬರುತ್ತವೆ. ಒಂದೇ ಮೂಲದ ಹತ್ತು ಕೀಲಿಗಳಲ್ಲಿಯೂ ಶೇಷ 1 ಬಂದರೆ, ಅದು ಆಕಸ್ಮಿಕವಾಗಿರುವ ಸಾಧ್ಯತೆ 1024ರಲ್ಲಿ ಒಂದು ಮಾತ್ರ.

ಕೀಲಿಯ ಆರಂಭದ ಬಿಟ್‌ಗಳೂ ಸುಳಿವು ನೀಡುತ್ತವೆ. ಗುಣಲಬ್ಧದ ಉದ್ದ ನಿಗದಿಗಿಂತ ಕಡಿಮೆಯಾಗದಿರಲು ಕೆಲವು ತಂತ್ರಾಂಶಗಳು ಅವಿಭಾಜ್ಯಗಳ ಮೊದಲ ಎರಡು ಬಿಟ್‌ಗಳನ್ನು 1 ಎಂದೇ ಇರಿಸುತ್ತವೆ; ಬೇರೆ ಕೆಲವು ಒಂದು ಮಿತಿಗಿಂತ ಚಿಕ್ಕ ಸಂಖ್ಯೆಗಳನ್ನು ತಿರಸ್ಕರಿಸುತ್ತವೆ. ಸಂಶೋಧಕರು 22 ತಂತ್ರಾಂಶ ಸಂಗ್ರಹಗಳು ಹಾಗೂ 16 ಬಗೆಯ ಸ್ಮಾರ್ಟ್‌ಕಾರ್ಡ್‌ಗಳಿಂದ 6 ಕೋಟಿಗೂ ಹೆಚ್ಚು ಕೀಲಿಗಳನ್ನು ತಯಾರಿಸಿ, ಈ ವ್ಯತ್ಯಾಸಗಳ ಆಧಾರದ ಮೇಲೆ ಮೂಲಗಳನ್ನು ಗುಂಪುಗಳಾಗಿ ವಿಂಗಡಿಸಿದರು.

ಎಸ್ಟೋನಿಯಾದ ಪ್ರಕರಣ

ಪರೀಕ್ಷಿಸಿದ ಕಾರ್ಡ್‌ಗಳ ಪೈಕಿ ಇನ್ಫಿನಿಯಾನ್ ಸಂಸ್ಥೆಯ ಚಿಪ್ ನೀಡಿದ ಅವಿಭಾಜ್ಯಗಳ ಹಂಚಿಕೆ ವಿಲಕ್ಷಣವಾಗಿತ್ತು. ಅದರ ತಂತ್ರಾಂಶವು ಅವಿಭಾಜ್ಯಗಳನ್ನು ಒಂದು ನಿರ್ದಿಷ್ಟ ಬೀಜಗಣಿತ ವಿನ್ಯಾಸಕ್ಕೆ ಒಳಪಟ್ಟವುಗಳಲ್ಲಿ ಮಾತ್ರ ಹುಡುಕುತ್ತಿದ್ದುದು ಮುಂದಿನ ಸಂಶೋಧನೆಯಿಂದ ತಿಳಿಯಿತು. ಇದರಿಂದ ಸಾರ್ವಜನಿಕ ಕೀಲಿಯನ್ನಷ್ಟೇ ನೋಡಿ ಅದರ ಮೂಲವನ್ನು ಗುರುತಿಸುವುದು ಸುಲಭವಾಯಿತು. ಅಷ್ಟೇ ಅಲ್ಲದೆ, ಹಲವು ಉದ್ದದ ಕೀಲಿಗಳ ಅಪವರ್ತನಗಳನ್ನು ಕಂಡುಹಿಡಿಯುವ ಶ್ರಮವೂ ಅಪಾಯಕರ ಮಟ್ಟಕ್ಕೆ ಇಳಿಯಿತು. 2017ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಈ ದೋಷಕ್ಕೆ ರೋಕಾ ಎಂದು ಹೆಸರಾಯಿತು.

ಸುಮಾರು 13 ಲಕ್ಷ ಜನಸಂಖ್ಯೆಯ ಎಸ್ಟೋನಿಯಾದಲ್ಲಿ ಸುಮಾರು 7.5 ಲಕ್ಷ ಗುರುತಿನ ಚೀಟಿಗಳು ಈ ಚಿಪ್ ಹೊಂದಿದ್ದವು. ಡಿಜಿಟಲ್ ಸಹಿ, ಅಂತರಜಾಲ ಮತದಾನಗಳಿಗೂ ಅಲ್ಲಿ ಇದೇ ಚೀಟಿ ಬಳಕೆಯಾಗುತ್ತದೆ. ಸರ್ಕಾರವು ನವೆಂಬರ್ ಆರಂಭದಲ್ಲಿ ಅವುಗಳ ಡಿಜಿಟಲ್ ಪ್ರಮಾಣಪತ್ರಗಳನ್ನು ಅಮಾನತುಗೊಳಿಸಿ, ಬೇರೆ ಬಗೆಯ ಕೀಲಿಗಳಿಗೆ ನವೀಕರಿಸಿಕೊಳ್ಳಲು ನಾಗರಿಕರಿಗೆ ಅವಕಾಶ ನೀಡಿತು.

ಉಪಯೋಗ ಮತ್ತು ಮಿತಿ

ದೋಷಯುಕ್ತ ತಂತ್ರಾಂಶದ ಕೀಲಿಗಳನ್ನು ಬೇಗನೆ ಗುರುತಿಸಲು ಈ ವಿಧಾನ ನೆರವಾಗುತ್ತದೆ. ಆದರೆ ಹೆಸರು ಮರೆಮಾಚಿ ವ್ಯವಹರಿಸುವವರ ಗೋಪ್ಯತೆಯನ್ನೂ ಇದು ಕುಗ್ಗಿಸಬಲ್ಲದು. ಒಂದೇ ಕ್ರಮವನ್ನು ಅನುಸರಿಸುವ ಎರಡು ತಂತ್ರಾಂಶಗಳನ್ನು ಇದು ಬೇರ್ಪಡಿಸಲಾರದು. ಅಲ್ಲದೆ, ಮೂಲ ಗೊತ್ತಾದ ಮಾತ್ರಕ್ಕೆ ಕೀಲಿ ದುರ್ಬಲವೆಂದು ಭಾವಿಸಬಾರದು. ಓಪನ್‌ಎಸ್‌ಎಸ್‌ಎಲ್‌ನ ಗುರುತು ಅದರ ಕೀಲಿಗಳನ್ನು ಮುರಿಯಲು ದಾರಿಮಾಡಲಿಲ್ಲ; ಇನ್ಫಿನಿಯಾನ್ ಚಿಪ್‌ನ ಗುರುತಿನ ಹಿಂದೆ ಮಾತ್ರ ದೋಷ ಅಡಗಿತ್ತು.