ಹಳೆಯ ಜೀಪಿಗೆ ಮನೆಯಂಗಳದಲ್ಲೇ ಬಣ್ಣ

ಮಡಿಕೇರಿಯಿಂದ ಸಿದ್ದಾಪುರದ ಕಡೆಗೆ ಸಾಗುವ ಹಾದಿಯಲ್ಲಿ ಚೆಟ್ಟಳ್ಳಿ ಎಂಬ ಊರು ಸಿಗುತ್ತದೆ. ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವೂ ತೋಟಗಾರಿಕೆಯ ಪ್ರಯೋಗ ಕೇಂದ್ರವೂ ಅಲ್ಲಿರುವುದರಿಂದ ಬೆಳೆಗಾರರಿಗೆ ಈ ಹೆಸರು ಚಿರಪರಿಚಿತ. ಈ ಸೀಮೆಯ ತೋಟದ ಮನೆಗಳಲ್ಲಿ ಹಳೆಯ ಜೀಪೊಂದು ಕುಟುಂಬದ ಸದಸ್ಯನಂತೆಯೇ ಬಾಳುವುದುಂಟು. ಗೊಬ್ಬರ ಹೊರುವುದೂ ಅದೇ, ಕಾಫಿ ಮೂಟೆ ಸಾಗಿಸುವುದೂ ಅದೇ, ಮಳೆಗಾಲದ ರಾತ್ರಿಯಲ್ಲಿ ರೋಗಿಯನ್ನು ಆಸ್ಪತ್ರೆಗೆ ಮುಟ್ಟಿಸುವುದೂ ಅದೇ. ಹೊಸದನ್ನು ಕೊಳ್ಳುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಇದ್ದವರಿಗೂ ಹಳೆಯದನ್ನು ಬಿಟ್ಟುಕೊಡುವ ಮನಸ್ಸಿರುವುದಿಲ್ಲ.

ಇಂಥ ವಾಹನಕ್ಕೆ ಬಣ್ಣವೆಂಬುದು ಅಲಂಕಾರವಲ್ಲ, ಕೊಡೆ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುತ್ತದೆ. ಅದರ ಪೂರ್ವಕ್ಕಿರುವ ಚೆಟ್ಟಳ್ಳಿಯಲ್ಲಿ ಮಳೆ ಅಷ್ಟಿಲ್ಲವಾದರೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿನ ತೇವ ಆರುವುದೆಂಬುದೇ ಇಲ್ಲ. ಬಣ್ಣ ಬಿರಿದ ಕಡೆ ನೀರು ಒಳನುಗ್ಗುತ್ತದೆ. ನೀರೂ ಗಾಳಿಯೂ ಕೂಡಿ ಉಕ್ಕನ್ನು ತುಕ್ಕಾಗಿಸುತ್ತವೆ. ತುಕ್ಕು ಉಬ್ಬಿ ಪಕ್ಕದ ಬಣ್ಣವನ್ನೂ ಎಬ್ಬಿಸುತ್ತದೆ. ಹೀಗೆ ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಜೀಪಿನ ನೆಲದ ತಗಡು ಜರಡಿಯಾದರೆ ಆಶ್ಚರ್ಯವಿಲ್ಲ.

ಗ್ಯಾರೇಜಿನಲ್ಲಿ ಸ್ಪ್ರೇ ಮಾಡಿಸಿದರೆ ಬಣ್ಣದ ಬೆಲೆಗಿಂತ ಕೂಲಿ, ಯಂತ್ರ, ಜಾಗಗಳ ಖರ್ಚೇ ಹೆಚ್ಚು. ಮನೆಯಲ್ಲಿ ಕಿಟಕಿ ಬಾಗಿಲುಗಳಿಗೆ ಬಳಿಯುವ ಎಣ್ಣೆ ಬಣ್ಣ, ಅರ್ಥಾತ್ ಎನಾಮಲ್, ಒಂದು ಸ್ಪಂಜಿನ ರೋಲರ್, ಸ್ವಲ್ಪ ಟರ್ಪೆಂಟೈನ್: ಇಷ್ಟರಿಂದಲೇ ಜೀಪನ್ನು ಮರೆಮಾಡಬಹುದೇ ಎಂದು ಕೇಳಿದರೆ, ಬಹುದು ಎಂಬುದೇ ಉತ್ತರ. ಇದು ಬಡತನದ ಉಪಾಯವೆಂದು ಮೂಗು ಮುರಿಯುವವರು ಒಂದನ್ನು ನೆನೆಯಬೇಕು. ಮೋಟಾರು ಕಾರು ಹುಟ್ಟಿದ ಮೊದಲ ದಶಕಗಳಲ್ಲಿ ಸಾರೋಟು ಕಟ್ಟುವವರಂತೆಯೇ ಕಾರು ಕಟ್ಟುವವರೂ ಕುಂಚ ಹಿಡಿದು ಬಣ್ಣ ಬಳಿಯುತ್ತಿದ್ದರು. ಪದರದ ಮೇಲೆ ಪದರ ಒಣಗಲು ವಾರಗಟ್ಟಲೆ ಹಿಡಿಯುತ್ತಿತ್ತು. 1920ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯ ಬೇಗ ಒಣಗುವ ಲ್ಯಾಕರ್ ಬಂದ ಮೇಲಷ್ಟೇ ಸ್ಪ್ರೇ ಎಲ್ಲೆಡೆ ಹಬ್ಬಿತು. ಕಾರ್ಖಾನೆಗೆ ಬೇಕಾದದ್ದು ವೇಗ. ನಮಗೇನೂ ಅಂಥ ಅವಸರವಿಲ್ಲವಷ್ಟೆ. ಜೀಪಿನ ಮೈಯಾದರೋ ಬಹುಪಾಲು ಚಪ್ಪಟೆ. 1940ರ ದಶಕದ ಯುದ್ಧಕಾಲದಲ್ಲಿ ಸುಲಭವಾಗಿ ಕಟ್ಟಲೆಂದೇ ರೂಪಿಸಿದ ಆ ಚಪ್ಪಟೆ ತಗಡು ರೋಲರಿಗೆ ಹೇಳಿ ಮಾಡಿಸಿದಂತಿದೆ.

ಆದರೆ ಡಬ್ಬಿಯ ಮುಚ್ಚಳ ತೆರೆಯುವುದಕ್ಕೆ ಮುನ್ನ ಒಂದು ಗಂಭೀರ ಪರೀಕ್ಷೆಯಾಗಬೇಕು. ಜೀಪಿನ ಕೆಳಗೆ ತೂರಿ, ಚಾಸಿಸ್ಸಿನ ತೊಲೆಗಳನ್ನೂ ಸ್ಪ್ರಿಂಗ್ ಕಟ್ಟಿರುವ ಕಡೆಗಳನ್ನೂ ಸ್ಕ್ರೂ ಡ್ರೈವರಿನ ತುದಿಯಿಂದ ಚುಚ್ಚಿ ನೋಡಬೇಕು; ಬ್ರೇಕಿನ ಕೊಳವೆಗಳನ್ನು ಕೈಯಿಂದ ತಡವಬೇಕು. ತುದಿ ಒಳಹೋದರೆ ಅಲ್ಲಿಗೆ ಬೇಕಾದವನು ವೆಲ್ಡರ್, ಬಣ್ಣಗಾರನಲ್ಲ. ಕೊಳೆತ ಉಕ್ಕಿನ ಮೇಲೆ ಮೆತ್ತುವ ಹೊಳಪು ಮೋಸವೇ ಸರಿ. ಕೊಳ್ಳುವವನಿಗಷ್ಟೇ ಅಲ್ಲ, ಅದೇ ಜೀಪಿನಲ್ಲಿ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೂ.

ಮುಂದಿನದು ಕಾಲದ ಆಯ್ಕೆ. ಕಾಫಿ ಕೊಯ್ಲು ಮುಗಿದು, ಹೂಮಳೆ ಬೀಳುವುದಕ್ಕೆ ಮೊದಲು ಸಿಗುವ ಒಣ ದಿನಗಳೇ ಇದಕ್ಕೆ ತಕ್ಕವು. ಎನಾಮಲ್ ಎರಡು ಹಂತದಲ್ಲಿ ಆರುತ್ತದೆ: ಮೊದಲು ಟರ್ಪೆಂಟೈನ್ ಆವಿಯಾಗುತ್ತದೆ, ಬಳಿಕ ಬಣ್ಣದೊಳಗಿನ ಎಣ್ಣೆಯಂಶ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಚಳಿಯೂ ತೇವವೂ ಈ ಎರಡನೆಯ ಕೆಲಸವನ್ನು ಎಳೆದಾಡಿಸುತ್ತವೆ. ಕೊಡಗಿನ ಜನವರಿ, ಫೆಬ್ರವರಿಯ ಬೆಳಗಿನಲ್ಲಿ ತಗಡಿನ ಮೇಲೆ ಇಬ್ಬನಿ ಕೂತಿರುತ್ತದೆ. ಬಿಸಿಲೇರಿ ತಗಡು ಪೂರ್ತಿ ಒಣಗಿದ ಮೇಲೆ, ಹತ್ತು ಗಂಟೆಯ ಹೊತ್ತಿಗೆ, ಆರಂಭಿಸಿ ಮಧ್ಯಾಹ್ನ ಎರಡು ಮೂರರೊಳಗೆ ಕೈ ತೊಳೆಯುವುದು ಲೇಸು; ಸಂಜೆಯ ಮಂಜು ಹಸಿ ಬಣ್ಣದ ಹೊಳಪನ್ನು ಕೊಲ್ಲುತ್ತದೆ. ಮೇಲೆ ಒಂದು ಮಾಡು ಇರಲಿ, ಗಾಳಿಯಾಡಲಿ, ನೇರ ಬಿಸಿಲು ಮಾತ್ರ ಬೀಳದಿರಲಿ. ಕಾಫಿ ಒಣಗಿಸುವ ಕಣ ವಿಶಾಲವಾಗಿದೆಯೆಂದು ಬೀಜ ಹರಡಿರುವಾಗಲೇ ಪಕ್ಕದಲ್ಲಿ ಟರ್ಪೆಂಟೈನ್ ಡಬ್ಬಿ ಬಿಚ್ಚಬಾರದು. ಕಾಫಿ ಸುತ್ತಲಿನ ವಾಸನೆಯನ್ನು ಬಲುಬೇಗ ಹೀರಿಕೊಳ್ಳುತ್ತದೆ. ಉಳಿಸಿದ ಹಣವೆಲ್ಲ ಬಟ್ಟಲಿನ ರುಚಿಯಲ್ಲಿ ಕಳೆದುಹೋದೀತು.

ಈ ಕೆಲಸದಲ್ಲಿ ಬಳಿಯುವುದು ಸ್ವಲ್ಪ, ಉಜ್ಜುವುದೇ ಬಹಳ. ಸೋಪು ನೀರಿನಿಂದ ತೊಳೆದು, ಗ್ರೀಸಿನ ಜಿಡ್ಡನ್ನು ಟರ್ಪೆಂಟೈನ್ ಬಟ್ಟೆಯಿಂದ ಒರೆಸಿ, ತುಕ್ಕನ್ನು ತಂತಿಯ ಬ್ರಷ್ಷಿನಿಂದಲೂ 80 ಅಥವಾ 120ರ ಮರಳುಕಾಗದದಿಂದಲೂ ಬಿಳಿ ಲೋಹ ಕಾಣುವತನಕ ತೆಗೆಯಬೇಕು. ಗಟ್ಟಿಯಾಗಿ ಅಂಟಿರುವ ಹಳೆಯ ಬಣ್ಣವನ್ನು ಕೀಳುವ ಅಗತ್ಯವಿಲ್ಲ. ಹೊಳಪು ಹೋಗಿ ಮಂಕಾಗುವಷ್ಟು ಉಜ್ಜಿದರೆ ಹೊಸ ಬಣ್ಣಕ್ಕೆ ಹಿಡಿತ ಸಿಗುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದೆಂಬುದನ್ನು ಮರೆಯಲಾಗದು. ಮನೆಗೆ ಬಳಸುವ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ಕೇಂದ್ರ ಸರ್ಕಾರದ ನಿಯಮ 2016ರಲ್ಲಿ ಬಂದು 2017ರ ನವೆಂಬರ್ 1ರಿಂದ ಜಾರಿಗೆ ಬಂದಿತು. ನಮ್ಮ ಜೀಪಿನ ಮೇಲಿರುವುದು ಅದಕ್ಕೂ ಬಹು ಹಿಂದಿನದು. ಸೀಸದ ಧೂಳು ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ತರುತ್ತದೆ. ಆದಕಾರಣ ನೀರು ಹಾಕಿ ಉಜ್ಜುವ ವಾಟರ್ ಪೇಪರನ್ನೇ ಬಳಸಬೇಕು, ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಇರಬೇಕು, ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕಡೆ ಬಿಡಬಾರದು, ತೊಟ್ಟ ಬಟ್ಟೆಯನ್ನು ಬೇರೆಯಾಗಿಯೇ ಒಗೆಯಬೇಕು. ಉಜ್ಜಿದ ನೀರು ಬಾವಿಯ ಕಡೆಗಾಗಲಿ ಕೆರೆಯ ಕಡೆಗಾಗಲಿ ಹರಿಯದಂತೆ ನೋಡಿಕೊಳ್ಳಬೇಕು.

ಬರಿಯ ಲೋಹ ಕಂಡೆಡೆಯಲ್ಲೆಲ್ಲ ಅದೇ ದಿನ ರೆಡ್ ಆಕ್ಸೈಡ್ ಅಥವಾ ಜಿಂಕ್ ಫಾಸ್ಫೇಟ್ ಪ್ರೈಮರ್ ಬಳಿಯಬೇಕು. ಕೆಂಪು ಪ್ರೈಮರ್ ಬಳಿದು ತಿಂಗಳುಗಟ್ಟಲೆ ಹಾಗೆಯೇ ಓಡಿಸುವವರನ್ನು ನಾವು ಕಾಣುತ್ತೇವೆ. ಪ್ರೈಮರ್ ಬಣ್ಣವನ್ನು ಹಿಡಿಯಲೆಂದು ಇರುವುದು. ಅದರ ಸೂಕ್ಷ್ಮ ರಂಧ್ರಗಳ ಮೂಲಕ ನೀರು ಇಳಿದು ಒಳಗಿಂದಲೇ ತುಕ್ಕು ಆರಂಭವಾಗುತ್ತದೆ. ಅದು ಆರಿದ ಮೇಲೆ 320ರ ಕಾಗದದಿಂದ ನಯಗೊಳಿಸಿ ಮೇಲಿನ ಬಣ್ಣಕ್ಕೆ ತೊಡಗಬೇಕು. ಗಾಜು, ರಬ್ಬರು, ದೀಪ, ನಂಬರ್ ಪ್ಲೇಟುಗಳಿಗೆ ಟೇಪೂ ಹಳೆಯ ಪತ್ರಿಕೆಯೂ ಸಾಕು. ಚಾಸಿಸ್ಸಿನ ಮೇಲೆ ಕೊರೆದಿರುವ ಸಂಖ್ಯೆ ಬಣ್ಣದಡಿ ಮುಚ್ಚಿಹೋಗದಂತೆ ಎಚ್ಚರ ವಹಿಸಬೇಕು.

ಇನ್ನು ಬಣ್ಣದ ಹದ. ಡಬ್ಬಿಯಿಂದ ತೆಗೆದ ಎನಾಮಲ್ ಜೇನಿನಂತೆ ದಪ್ಪ. ಹಾಗೆಯೇ ಉರುಳಿಸಿದರೆ ಕಿತ್ತಳೆ ಸಿಪ್ಪೆಯಂತೆ ಗುಳಿಗುಳಿಯಾಗುತ್ತದೆ. ಟರ್ಪೆಂಟೈನ್ ಬೆರೆಸುತ್ತ, ಕೋಲಿನಿಂದ ಗಟ್ಟಿ ಹಾಲಿನಂತೆ ಇಳಿಯುವ ಹದಕ್ಕೆ ತರಬೇಕು. ಅಡುಗೆಮನೆಯ ಅನುಭವವುಳ್ಳ ಗೃಹಿಣಿಯರಿಗೆ ಇದು ಗಂಡಸರಿಗಿಂತ ಬೇಗ ಒಲಿಯುತ್ತದೆ ಎಂದರೆ ತಪ್ಪಾಗಲಾರದು. ಸ್ಪ್ರೇಗೆ ಬಳಸುವ ಎನ್.ಸಿ. ಥಿನ್ನರನ್ನು ಇದಕ್ಕೆ ಸುತರಾಂ ಬೆರೆಸಬಾರದು. ನಾಲ್ಕು ಅಂಗುಲದ, ಸಣ್ಣ ರಂಧ್ರದ ಸ್ಪಂಜಿನ ರೋಲರನ್ನು ಅದ್ದಿ, ಹೆಚ್ಚಿನದನ್ನು ತಟ್ಟೆಯಲ್ಲಿ ಹಿಂಡಿ, ಒಂದೊಂದೇ ತಗಡನ್ನು ಮುಗಿಸುತ್ತ ಬರಬೇಕು. ಕೊನೆಗೆ ಒತ್ತಡವಿಲ್ಲದೆ ಒಂದೇ ದಿಕ್ಕಿನಲ್ಲಿ ಎಳೆದರೆ ಗುಳ್ಳೆಗಳು ಒಡೆಯುತ್ತವೆ. ಆರಲು ತೊಡಗಿದ್ದನ್ನು ಮತ್ತೆ ಮುಟ್ಟಬಾರದು.

ಮೊದಲ ಪದರ ನೋಡಿದವರಿಗೆ ನಿರಾಶೆ ಖಂಡಿತ. ಒಳಗಿನ ಪ್ರೈಮರ್ ಕಾಣುತ್ತಲೇ ಇರುತ್ತದೆ. ಇಲ್ಲೇ ಹಲವರು ಸೋತು ದಪ್ಪ ಬಳಿಯುತ್ತಾರೆ. ದಪ್ಪ ಪದರ ಮೇಲೆ ಕೆನೆಗಟ್ಟಿ ಒಳಗೆ ಹಸಿಯಾಗಿ ಉಳಿದು ಸುಕ್ಕಾಗುತ್ತದೆ. ದಿನಕ್ಕೆ ಒಂದೇ ತೆಳು ಪದರ, ಎರಡು ಪದರಕ್ಕೊಮ್ಮೆ 600ರ ವಾಟರ್ ಪೇಪರಿನಿಂದ ಹಗುರವಾಗಿ ಉಜ್ಜಿ ತೊಳೆಯುವುದು, ಹೀಗೆ ಐದಾರು ಪದರ. ಎಲ್ಲ ಸೇರಿ ಎರಡು ವಾರ ಹಿಡಿದರೂ ಬೇಸರಿಸಬಾರದು. ಎರಡು ಮೂರು ಲೀಟರ್ ಬಣ್ಣವನ್ನು ಒಟ್ಟಿಗೇ ಕೊಂಡು ದೊಡ್ಡ ಪಾತ್ರೆಯಲ್ಲಿ ಕಲಸಿಟ್ಟರೆ ಡಬ್ಬಿಯಿಂದ ಡಬ್ಬಿಗೆ ಛಾಯೆ ಬದಲಾಗುವ ತಾಪತ್ರಯವಿಲ್ಲ. ಹಾರ್ಡನರ್ ಬೆರೆಸುವ ಪಾಲಿಯುರೆಥೇನ್ ಬಣ್ಣ ಹೆಚ್ಚು ಬಾಳಿಕೆಯದೆಂದು ಅಂಗಡಿಯವರು ಹೇಳುವುದು ನಿಜವೇ. ಆದರೆ ಅದರೊಳಗಿನ ಐಸೊಸಯನೇಟ್ ಉಬ್ಬಸ ತರಬಲ್ಲದು. ಮನೆಯಂಗಳಕ್ಕೆ ಅದು ಬೇಡ.

ಬಣ್ಣ ಯಾವುದಾದರೂ ಆಗಬಹುದೇ? ಆಗದು. ಯೋಧರ ನಾಡಾದ ಕೊಡಗಿನಲ್ಲಿ ಜೀಪೆಂದರೆ ಸೇನೆಯ ಹಸಿರೇ ಕಣ್ಣಿಗೆ ಕಟ್ಟುವುದು ಸಹಜ. ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದು, ರಕ್ಷಣಾ ಇಲಾಖೆಯದಲ್ಲದ ವಾಹನಕ್ಕೆ ಆಲಿವ್ ಹಸಿರು ಬಳಿಯುವುದನ್ನು ನಿಷೇಧಿಸಿದೆ. ಬೇರೆ ಬಣ್ಣಕ್ಕೆ ಬದಲಾಯಿಸುವುದಾದರೂ ನೋಂದಣಿ ಪತ್ರದಲ್ಲಿ ಆ ಬದಲಾವಣೆ ದಾಖಲಾಗಬೇಕು, ಕೆ.ಎ. 12ರ ವಾಹನಗಳಿಗೆ ಮಡಿಕೇರಿಯ ಸಾರಿಗೆ ಕಚೇರಿಯೇ ಅದರ ಸ್ಥಳ. ವಿಮೆಯ ಕಂಪನಿಗೂ ತಿಳಿಸುವುದು ಕ್ಷೇಮ. ಹಳೆಯ ಬಣ್ಣವನ್ನೇ ಉಳಿಸಿಕೊಂಡರೆ ಈ ಓಡಾಟವಿಲ್ಲ, ಬಾಗಿಲ ಸಂದಿಯಲ್ಲಿ ಹಳೆಯ ಛಾಯೆ ಇಣುಕುವ ಮುಜುಗರವೂ ಇಲ್ಲ.

ಎಣ್ಣೆ ಬಣ್ಣ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಸೌದೆ ಕೊಟ್ಟಿಗೆಯ ಮೂಲೆಗೆ ಎಸೆಯುವುದು ಅಪಾಯ. ಆರುವಾಗ ಹುಟ್ಟುವ ಶಾಖ ಮುದ್ದೆಯೊಳಗೇ ಉಳಿದು ತಾನಾಗಿಯೇ ಬೆಂಕಿ ಹತ್ತಬಹುದು. ಅವನ್ನು ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಬೇಕು.

ಕೊನೆಯ ಪದರ ಮುಟ್ಟಲು ಗಟ್ಟಿಯೆನಿಸಿದರೂ ಪೂರ್ತಿ ಬಲಿಯಲು ಹಲವು ವಾರಗಳು ಬೇಕು. ಅಲ್ಲಿಯತನಕ ಸೋಪು ಸೋಕಿಸದೆ ಬರಿಯ ನೀರಿನಿಂದ ತೊಳೆಯಬೇಕು. ಹೊಳಪು ಬೇಕೆನ್ನುವವರು ಆಮೇಲೆ 1500ರ ಕಾಗದದಿಂದ ನೀರು ಹಾಕಿ ಉಜ್ಜಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿ ಒರೆಸಬಹುದು. ತೋಟದೊಳಗೆ ಕೆಸರು ತುಳಿಯುವ ಜೀಪಿಗೆ ಆ ಶ್ರಮ ಅನಗತ್ಯವೆಂದೇ ನನ್ನ ಅಭಿಪ್ರಾಯ. ಉಳಿದ ಬಣ್ಣವನ್ನು ಚಿಕ್ಕ ಡಬ್ಬಿಯಲ್ಲಿ ಅಂಚಿನವರೆಗೆ ತುಂಬಿ, ಬಿಗಿಯಾಗಿ ಮುಚ್ಚಿ, ಹೆಸರೂ ತಾರೀಖೂ ಬರೆದಿಡಿ. ಮೇ ತಿಂಗಳಲ್ಲಿ ಒಮ್ಮೆ ಜೀಪನ್ನು ಸುತ್ತಿ ನೋಡಿ, ಕಲ್ಲು ತಾಗಿ ಚಕ್ಕೆ ಎದ್ದ ಕಡೆಗಳಿಗೆ ಸಣ್ಣ ಕುಂಚದಿಂದ ತೇಪೆ ಹಾಕಲು ಅದು ಬೇಕಾಗುತ್ತದೆ.