ಕೂಲಿಯ ಏರಿಕೆಯೂ ಪಾಕಶಾಲೆಯ ಶುಚಿಯೂ

ಗಂಟೆಗೆ 15 ಡಾಲರುಗಳ ಕನಿಷ್ಠ ವೇತನವನ್ನು ಹಂತಹಂತವಾಗಿ ಜಾರಿಗೆ ತರುವ ಶಾಸನವನ್ನು ಅಮೆರಿಕದ ಸಿಯಾಟಲ್ ನಗರವು 2014ರಲ್ಲಿ ಅಂಗೀಕರಿಸಿ, 2015ರ ಏಪ್ರಿಲ್ 1ರಂದು ಅದರ ಮೊದಲ ಹಂತವನ್ನು ಆಚರಣೆಗೆ ತಂದಾಗ, ಹೋಟೆಲುಗಳು ಮುಚ್ಚಿಹೋಗುವುವೆಂದು ಕೆಲವರೂ ಬಡ ಕಾರ್ಮಿಕರ ಬಾಳು ಹಸನಾಗುವುದೆಂದು ಕೆಲವರೂ ವಾದಿಸಿದರೇ ಹೊರತು, ಇನ್ನು ಮುಂದೆ ಅಡುಗೆಮನೆಯ ನೆಲವನ್ನು ಯಾರು, ಎಷ್ಟು ಸಲ ಉಜ್ಜುವರೆಂದು ಕೇಳಿದವರು ವಿರಳ.

ಆ ಪ್ರಶ್ನೆಗೆ ಉತ್ತರ ಅಲ್ಲಿಯ ಆರೋಗ್ಯ ಇಲಾಖೆಯ ದಾಖಲೆಗಳಲ್ಲಿಯೇ ಉಂಟು. ಸಿಯಾಟಲ್ ಸೇರಿದ ಕಿಂಗ್ ಕೌಂಟಿಯ ತಪಾಸಣಾಧಿಕಾರಿಗಳು ದೋಷಗಳನ್ನು ಕೆಂಪು, ನೀಲಿ ಎಂದು ವಿಂಗಡಿಸುತ್ತಾರೆ. ಕೈ ತೊಳೆಯದೆ ಅಡುಗೆಗೆ ನಿಲ್ಲುವುದು, ಬಿಸಿಯಾಗಿರಬೇಕಾದ ಪದಾರ್ಥವನ್ನು ಆರಲು ಬಿಡುವುದು, ಹಸಿ ಮಾಂಸದ ರಸ ಸೊಪ್ಪಿಗೆ ತಗಲುವುದು, ಇವು ನೇರವಾಗಿ ರೋಗವನ್ನು ತರುವ ಕೆಂಪು ದೋಷಗಳು. ಗೋಡೆಯ ಜಿಡ್ಡು, ಒರೆಸುವ ಬಟ್ಟೆಯನ್ನು ಕ್ರಿಮಿನಾಶಕದ ನೀರಿನಲ್ಲಿ ಅದ್ದಿಡದಿರುವುದು, ಇಂಥವು ನೀಲಿ. ವೇತನ ಏರಿದ ಬಳಿಕ ನೀಲಿ ದೋಷಗಳು ಹೆಚ್ಚಿದುವೆಂದೂ, ಕೆಂಪು ದೋಷಗಳಲ್ಲಿ ಗಣ್ಯವಾದ ವ್ಯತ್ಯಾಸ ತೋರಲಿಲ್ಲವೆಂದೂ ಆ ದಾಖಲೆಗಳನ್ನು ಶೋಧಿಸಿದ ಅರ್ಥಶಾಸ್ತ್ರಜ್ಞರು ಕಂಡುಕೊಂಡರು.

ಕಾರಣವನ್ನು ಊಹಿಸುವುದು ಕಷ್ಟವಲ್ಲ. ಖರ್ಚು ಹೆಚ್ಚಿದ ಮಾಲೀಕನು ಬಾಣಸಿಗನನ್ನು ಬಿಡಿಸಲಾರ, ಬಡಿಸುವವನನ್ನೂ ಬಿಡಿಸಲಾರ, ಏಕೆಂದರೆ ಗಿರಾಕಿ ಗಮನಿಸುವನು. ಕಡಿತವಾಗುವುದು ಕೊನೆಯ ಗಿರಾಕಿ ಎದ್ದುಹೋದ ಮೇಲೆ ಒಲೆಯನ್ನು ಮುಂದಕ್ಕೆಳೆದು, ಅದರ ಹಿಂದಣ ಕರಕನ್ನು ಕೆರೆದು, ಮೋರಿಯ ಜಾಲರಿಯನ್ನು ಕಳಚಿ ತೊಳೆಯುವ ಆ ಒಂದು ಗಂಟೆಯ ಕೂಲಿ. ಕೆಂಪು ದೋಷಗಳ ಮಾತು ಬೇರೆ: ಅವು ಮಿತಿಮೀರಿದರೆ ಅಂಗಡಿಗೇ ಬೀಗ. ಅಲ್ಲದೆ, 1993ರಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದು ಅಮೆರಿಕದ ಪಶ್ಚಿಮ ರಾಜ್ಯಗಳಲ್ಲಿ 700ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದು ನಾಲ್ವರು ಮಕ್ಕಳು ಅಸುನೀಗಿದ ದುರಂತವನ್ನು, ಅದರ ಬಹುಪಾಲು ಪೆಟ್ಟನ್ನು ತಿಂದ, ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯವು ಮರೆಯುವುದಾದರೂ ಹೇಗೆ?

ಕೂಲಿ ಹೆಚ್ಚಿದರೆ ಊಟ ಕೆಡುವುದೆಂದು ಈ ಶೋಧನೆಯನ್ನು ಹಿಡಿದು ಸಾರುವವರು ಅರ್ಧವನ್ನಷ್ಟೇ ಓದಿದವರು. ಕೂಲಿ ಸಾಲದಿದ್ದರೂ ಊಟ ಕೆಡುತ್ತದೆ: ಒಂದು ದಿನದ ಗಳಿಕೆ ತಪ್ಪಿದರೆ ಬಾಡಿಗೆ ಕಟ್ಟಲಾರದ ಅಡುಗೆಯವನು ವಾಂತಿಭೇದಿಯಲ್ಲೂ ಕೆಲಸಕ್ಕೆ ಬರುತ್ತಾನೆ, ಬಂದು ಆ ರೋಗವನ್ನು ತರುವ ನೊರೊವೈರಸ್ಸನ್ನು ತಟ್ಟೆತಟ್ಟೆಗೂ ಹಂಚುತ್ತಾನೆ. ಸಿಯಾಟಲ್ 2012ರಲ್ಲಿಯೂ ಇಡೀ ರಾಜ್ಯವು 2018ರಲ್ಲಿಯೂ ಸಂಬಳಸಹಿತ ಕಾಯಿಲೆ ರಜೆಯನ್ನು ಕಡ್ಡಾಯಗೊಳಿಸಿದುದು ಉಣ್ಣುವವರ ಹಿತಕ್ಕೂ ಒದಗಿತೆಂದೇ ನನ್ನ ಎಣಿಕೆ. ಆದುದರಿಂದ ವೇತನವನ್ನು ತಡೆಯುವುದು ಪರಿಹಾರವಲ್ಲ. ಕೂಲಿಯನ್ನು ಏರಿಸುವ ನಗರಸಭೆಯು ಅದೇ ಸಭೆಯಲ್ಲಿಯೇ ತಪಾಸಣಾಧಿಕಾರಿಗಳ ಸಂಖ್ಯೆಯನ್ನೂ ಏರಿಸಲಿ, ನೀಲಿ ದೋಷಕ್ಕೂ ಮಾಲೀಕನಿಗೆ ನಾಟುವಂಥ ದಂಡವನ್ನು ವಿಧಿಸಲಿ.