ಮನೆಗೆ ಬಂದ ಹೆದರಿದ ಗಿಣಿ: ನಂಬಿಕೆ ಗಳಿಸುವ ಕ್ರಮ

ಹಾವೇರಿ ಜಿಲ್ಲೆ ಶಿಗ್ಗಾಂವಿ ತಾಲ್ಲೂಕಿನ ಹುಲಗೂರಿನಂಥ ಊರುಗಳಿಗೆ ಗಿಣಿ ಹೊಸದಲ್ಲ. ಗೋವಿನಜೋಳದ ತೆನೆ ಹಾಲುಗಟ್ಟುವ ಹೊತ್ತಿಗೆ ಹಸಿರು ಗಿಣಿಗಳ ಹಿಂಡು ಹೊಲಕ್ಕೆ ಇಳಿಯುತ್ತದೆ, ಹಿತ್ತಲಿನ ಪೇರಲ ಹಣ್ಣಿಗೂ ಬರುತ್ತದೆ. ಈಚೆಗೆ ಗಿಣಿ ಪಂಜರದೊಂದಿಗೆ ಮನೆಯೊಳಗೂ ಬಂದಿದೆ. ಮಕ್ಕಳ ಹುಟ್ಟುಹಬ್ಬಕ್ಕೆ ಪೇಟೆಯಿಂದ ತಂದ ಜೋಡಿ, ಊರು ಬಿಡುವ ನೆರೆಯವರು ಒಪ್ಪಿಸಿದ ಹಕ್ಕಿ, ಸಾಕಲಾಗದೆ ಬಂಧುಗಳು ಕಳಿಸಿದ ಹಕ್ಕಿ, ಹೀಗೆ ನಾನಾ ದಾರಿಯಲ್ಲಿ ಅದು ಮನೆ ಸೇರುತ್ತದೆ.

ಜೈನ ಮನೆಗಳಲ್ಲಿ ಇಂಥ ಹಕ್ಕಿ ಬಂದಾಗ ಎರಡು ಮಾತು ಕೇಳಿಬರುತ್ತವೆ. ಪಂಜರದಲ್ಲಿಡುವುದು ಹಿಂಸೆ, ಬಾಗಿಲು ತೆಗೆದು ಬಿಟ್ಟುಬಿಡಿ ಎಂದು ಹಿರಿಯರು ಹೇಳುತ್ತಾರೆ. ಅದೇ ದಿನ ಕೈಮೇಲೆ ಕೂರಿಸಿಕೊಳ್ಳಬೇಕೆಂದು ಮಕ್ಕಳು ಆತುರಪಡುತ್ತಾರೆ. ಎರಡೂ ಪ್ರೀತಿಯ ಮಾತೇ. ಆದರೆ ಸರಿಯಾಗಿ ತಿಳಿಯದೆ ನಡೆದರೆ ಎರಡರಿಂದಲೂ ಹಕ್ಕಿಯ ಪ್ರಾಣಕ್ಕೆ ಅಪಾಯವಿದೆ.

ಮೊದಲು ಯಾವ ಗಿಣಿ ಎಂದು ತಿಳಿಯಬೇಕು

ನಮ್ಮ ಹೊಲ, ತೋಟ, ಕಾಡುಗಳಲ್ಲಿ ಕಾಣುವ ಗಿಣಿಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಕೊರಳಿಗೆ ಗುಲಾಬಿ ಉಂಗುರವಿರುವ ಹಸಿರು ಗಿಣಿ, ಅದಕ್ಕಿಂತ ದೊಡ್ಡದಾದ, ರೆಕ್ಕೆಯ ಮೇಲೆ ಕೆಂಪು ಮಚ್ಚೆಯಿರುವ ಗಿಣಿ, ಕೆಂಪು-ನೇರಳೆ ತಲೆಯ ಗಿಣಿ ಇವೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪಕ್ಷಿಗಳು. ಇವನ್ನು ಹಿಡಿಯುವುದು, ಮಾರುವುದು, ಕೊಳ್ಳುವುದು, ಪಂಜರದಲ್ಲಿಡುವುದು ಎಲ್ಲವೂ ಅಪರಾಧ. ಇಂಥ ಗಿಣಿ ಕೈಗೆ ಬಂದರೆ ಪಳಗಿಸಲು ಹೋಗಬಾರದು. ಹತ್ತಿರದ ವಲಯ ಅರಣ್ಯಾಧಿಕಾರಿ ಕಚೇರಿಗೆ ಅಥವಾ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ತಿಳಿಸಿ ಒಪ್ಪಿಸಬೇಕು.

ಸಾಮಾನ್ಯವಾಗಿ ಮನೆಗಳಲ್ಲಿರುವುದು ವಿದೇಶಿ ಮೂಲದ ಗಿಣಿಗಳು. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವ ಹಳದಿ, ಹಸಿರು, ನೀಲಿ ಬಣ್ಣದ ಪುಟ್ಟ ಹಕ್ಕಿ ಹೆಚ್ಚಾಗಿ ಆಸ್ಟ್ರೇಲಿಯಾ ಮೂಲದ ಬಜರಿಗರ್. ತಲೆಯ ಮೇಲೆ ಜುಟ್ಟು, ಕೆನ್ನೆಗೆ ಕಿತ್ತಳೆ ಬೊಟ್ಟು ಇದ್ದರೆ ಅದು ಕಾಕಟೀಲ್. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು. ಮಕಾವ್, ಆಫ್ರಿಕನ್ ಗ್ರೇ, ಸನ್ ಕನ್ಯೂರ್ ಮುಂತಾದವುಗಳಿಗೆ 2024ರ ಕೇಂದ್ರ ನಿಯಮಗಳಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರಬೇಕು. ಯಾರಾದರೂ ಕೊಡಲು ಬಂದರೆ ಮೊದಲು ಆ ದಾಖಲೆ ಕೇಳಬೇಕು.

ಬಾಗಿಲು ತೆಗೆದು ಬಿಟ್ಟರೆ ದಯೆಯಾಗುವುದೇ?

ಪಂಜರದಲ್ಲೇ ಹುಟ್ಟಿ ಬೆಳೆದ ಬಜರಿಗರ್‌ಗೆ ಹುಲಗೂರಿನ ಆಕಾಶ ಸ್ವಾತಂತ್ರ್ಯ ಕೊಡುವುದಿಲ್ಲ. ಕಾಳು ಎಲ್ಲಿದೆ, ನೀರು ಎಲ್ಲಿದೆ ಎಂದು ಅದು ಕಲಿತಿಲ್ಲ. ಬಣ್ಣವೂ ಎದ್ದು ಕಾಣುತ್ತದೆ. ಕಾಗೆ, ಬಿಜ್ಜು, ಬೆಕ್ಕುಗಳಿಂದ ತಪ್ಪಿಸಿಕೊಳ್ಳುವುದೂ ಗೊತ್ತಿಲ್ಲ. ಹಾಗೆ ಬಿಟ್ಟ ಹಕ್ಕಿ ಬಹುಮಟ್ಟಿಗೆ ಕೆಲವೇ ದಿನಗಳಲ್ಲಿ ಹಸಿವಿನಿಂದಲೋ ಬೇಟೆಗೆ ಸಿಕ್ಕೋ ಸಾಯುತ್ತದೆ. ಬಿಟ್ಟವರಿಗೆ ಅದು ಕಾಣುವುದಿಲ್ಲ ಅಷ್ಟೇ.

ಮಹಾವೀರ ಜಯಂತಿ, ಪರ್ಯೂಷಣ ಪರ್ವದಲ್ಲಿ ಅಂಗಡಿಯಿಂದ ಹಕ್ಕಿ ಕೊಂಡು ಹಾರಿಬಿಡುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ವ್ಯಾಪಾರ ಬಲ್ಲವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಇಂದು ಹತ್ತು ಹಕ್ಕಿ ಖರ್ಚಾದರೆ ಅಂಗಡಿಯವನು ಮುಂದಿನ ಪರ್ವಕ್ಕೆ ಇಪ್ಪತ್ತು ತರಿಸುತ್ತಾನೆ. ದಿಲ್ಲಿಯ ಚಾಂದನಿ ಚೌಕದ ಲಾಲ್ ಮಂದಿರದ ಆವರಣದಲ್ಲಿ ಜೈನ ಸಮಾಜ ನಡೆಸುವ ಪಕ್ಷಿ ಆಸ್ಪತ್ರೆಯಲ್ಲೂ ಗಾಯಗೊಂಡ ಹಕ್ಕಿಗೆ ಮೊದಲು ಆರೈಕೆ. ಅದು ಹಾರುವಷ್ಟು ಚೇತರಿಸಿಕೊಂಡ ಮೇಲೆಯೇ ಬಿಡುಗಡೆ.

ಆದ್ದರಿಂದ ಹೊಸದಾಗಿ ಹಕ್ಕಿ ಕೊಳ್ಳದಿರುವುದು ಒಂದು ಕರ್ತವ್ಯ. ಈಗಾಗಲೇ ಮನೆಗೆ ಬಂದಿರುವ ವಿದೇಶಿ ಹಕ್ಕಿಯನ್ನು ಅದರ ಆಯುಷ್ಯ ಮುಗಿಯುವವರೆಗೆ ಹೆದರಿಕೆಯಿಲ್ಲದೆ ಬಾಳಿಸುವುದು ಇನ್ನೊಂದು. ಬಜರಿಗರ್ ಸಾಮಾನ್ಯವಾಗಿ 5ರಿಂದ 10 ವರ್ಷ, ಕಾಕಟೀಲ್ 15ರಿಂದ 20 ವರ್ಷ, ಆಫ್ರಿಕನ್ ಗ್ರೇ 40 ವರ್ಷಕ್ಕೂ ಮೀರಿ ಬದುಕಬಲ್ಲದು. ಅಷ್ಟು ವರ್ಷ ಪ್ರತಿದಿನ ಮನುಷ್ಯರನ್ನು ಕಂಡು ನಡುಗುತ್ತ ಬದುಕುವುದು ಎಂಥ ಸಂಕಟವೆಂದು ಯೋಚಿಸಬೇಕು.

ಹೆದರಿಕೆಗೆ ಕಾರಣ

ನಾಯಿ, ಬೆಕ್ಕು ಬೇಟೆಯಾಡುವ ಪ್ರಾಣಿಗಳು. ಗಿಣಿ ಬೇಟೆಗೆ ಗುರಿಯಾಗುವ ಪ್ರಾಣಿ. ಅದರ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ, ಸುತ್ತಲೂ ಅಪಾಯ ನೋಡುತ್ತಿರುವುದೇ ಅದರ ಸ್ವಭಾವ. ಮೇಲಿನಿಂದ ಇಳಿದು ಬರುವ ಕೈ ಅದಕ್ಕೆ ಗಿಡುಗನಂತೆ ತೋರುತ್ತದೆ. ಅಂಗಡಿಯಲ್ಲಿ ಅದನ್ನು ಹಿಡಿದು ಡಬ್ಬಿಗೆ ತುಂಬಿದ್ದೂ ಕೈಯೇ. ಹೀಗಾಗಿ ಹೊಸ ಮನೆಯ ಕೈಯೂ ಮೊದಲು ವೈರಿಯೇ. ಇದು ಹಕ್ಕಿಯ ಹಟವಲ್ಲ, ಪ್ರಾಣ ಉಳಿಸಿಕೊಳ್ಳುವ ಬುದ್ಧಿ.

ಮೊದಲ ವಾರ

ಪಂಜರವನ್ನು ಜನ ಓಡಾಡುವ ಪಡಸಾಲೆಯ ಮೂಲೆಯಲ್ಲಿ, ಒಂದು ಪಕ್ಕ ಗೋಡೆಗೆ ತಾಗಿಸಿ, ಎದೆಯ ಮಟ್ಟಕ್ಕೆ ಇಡಬೇಕು. ನಡುಮನೆಯಲ್ಲಿ ತೂಗುಹಾಕಿದರೆ ನಾಲ್ಕು ಕಡೆಯಿಂದಲೂ ಭಯ. ಬಾಗಿಲ ಬಳಿ, ನೇರ ಬಿಸಿಲಿಗೆ ಬೇಡ. ಅಡುಗೆಮನೆಯಲ್ಲಂತೂ ಇಡಲೇಬಾರದು. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದಾಗ ಬರುವ ಹೊಗೆ ಹಕ್ಕಿಯನ್ನು ನಿಮಿಷಗಳಲ್ಲಿ ಕೊಲ್ಲಬಲ್ಲದು. ಧೂಪ, ಅಗರಬತ್ತಿ, ಸೊಳ್ಳೆ ಬತ್ತಿಯ ಹೊಗೆಯಿಂದಲೂ ದೂರವಿರಲಿ.

ಪಂಜರ ಕನಿಷ್ಠ ಎರಡೂ ರೆಕ್ಕೆ ಪೂರ್ತಿ ಬಿಚ್ಚಿ ಬಡಿಯುವಷ್ಟು ಅಗಲ ಬೇಕು. ಕೂರಲು ಒಂದೇ ಗಾತ್ರದ ಪ್ಲಾಸ್ಟಿಕ್ ಕೋಲಿನ ಬದಲು ತೊಳೆದ ಪೇರಲ ಅಥವಾ ಬೇವಿನ ಟೊಂಗೆಗಳನ್ನು ಬೇರೆ ಬೇರೆ ದಪ್ಪದಲ್ಲಿ ಕಟ್ಟಿದರೆ ಕಾಲಿಗೆ ಹಿತ. ರಾತ್ರಿ 10ರಿಂದ 12 ತಾಸು ಕತ್ತಲೆ ಮತ್ತು ನಿಶ್ಶಬ್ದ ಬೇಕು. ಟಿವಿ ನಡೆಯುವ ಕೋಣೆಯಲ್ಲಿ ಹಕ್ಕಿಗೆ ನಿದ್ದೆಯಿಲ್ಲ. ಕಾಕಟೀಲ್ ಕತ್ತಲಲ್ಲಿ ಬೆಚ್ಚಿ ಒದ್ದಾಡುವುದುಂಟು, ಅದಕ್ಕೆ ಸಣ್ಣ ದೀಪವಿದ್ದರೆ ಒಳ್ಳೆಯದು.

ಮೊದಲ ಮೂರು ನಾಲ್ಕು ದಿನ ಕಾಳು, ನೀರು ಬದಲಿಸುವುದರ ಹೊರತು ಪಂಜರದೊಳಗೆ ಕೈ ಹಾಕುವುದು ಬೇಡ. ಆ ಕೆಲಸವನ್ನೂ ಒಬ್ಬರೇ, ಒಂದೇ ಹೊತ್ತಿಗೆ, ಮೆಲುದನಿಯಲ್ಲಿ ಮಾತಾಡುತ್ತ ಮಾಡಲಿ. ಬಳಿಕ ಪಂಜರದಿಂದ ಆರೇಳು ಅಡಿ ದೂರ ಕುಳಿತು ಪತ್ರಿಕೆ ಓದುವುದು, ಸ್ವಾಧ್ಯಾಯ ಮಾಡುವುದು ಒಳ್ಳೆಯ ಉಪಾಯ. ಹಕ್ಕಿಯನ್ನೇ ದಿಟ್ಟಿಸಿ ನೋಡಬಾರದು. ದಿಟ್ಟಿಸುವುದು ಬೇಟೆಗಾರನ ಲಕ್ಷಣ. ಅತ್ತ ನೋಡದೆ ಹತ್ತಿರ ಕೂತವರಿಂದ ಕೇಡಿಲ್ಲವೆಂದು ಅದು ನಿಧಾನವಾಗಿ ತಿಳಿಯುತ್ತದೆ.

ಗಿಣಿಯ ಮೈ ಹೇಳುವ ಮಾತು

ಹೆದರಿದ ಗಿಣಿ ಗರಿಗಳನ್ನು ಮೈಗೆ ಒತ್ತಿಕೊಂಡು, ಕತ್ತು ಚಾಚಿ, ಕಣ್ಣರಳಿಸಿ ನೆಟ್ಟಗೆ ನಿಲ್ಲುತ್ತದೆ. ಭಯ ಹೆಚ್ಚಾದರೆ ಕೊಕ್ಕು ತೆರೆದು ಏದುಸಿರು ಬಿಡುತ್ತದೆ, ಪಂಜರದ ಹಿಂಭಾಗಕ್ಕೆ ಹೋಗಿ ಬಡಿದುಕೊಳ್ಳುತ್ತದೆ. ನಿರಾಳವಾದ ಗಿಣಿ ಮೈ ಸಡಿಲಿಸಿ ಗರಿ ತೀಡಿಕೊಳ್ಳುತ್ತದೆ, ಒಂದು ಕಾಲಿನ ಮೇಲೆ ನಿಲ್ಲುತ್ತದೆ, ಒಂದು ರೆಕ್ಕೆ ಮತ್ತು ಅದೇ ಕಡೆಯ ಕಾಲು ಚಾಚಿ ಮೈ ಮುರಿಯುತ್ತದೆ, ಮಲಗುವ ಮುನ್ನ ಕೊಕ್ಕು ಮಸೆಯುತ್ತದೆ. ಮನುಷ್ಯರ ಎದುರಿಗೆ ತಿನ್ನಲು ಶುರು ಮಾಡಿದರೆ ನಂಬಿಕೆಯ ಮೊದಲ ಮೆಟ್ಟಿಲು ಏರಿದಂತೆ.

ನಿಯಮ ಒಂದೇ: ಹಕ್ಕಿಯ ಮೈ ಬಿಗಿಯಾದ ಕೂಡಲೇ ನಿಲ್ಲಬೇಕು, ಒಂದು ಹೆಜ್ಜೆ ಹಿಂದೆ ಸರಿಯಬೇಕು. ತಾನು ಬೇಡವೆಂದರೆ ಇವರು ಕೇಳುತ್ತಾರೆ ಎಂದು ತಿಳಿದ ಹಕ್ಕಿಯೇ ಮುಂದೆ ತಾನಾಗಿ ಬೇಕು ಎನ್ನುತ್ತದೆ. ಬೇಡವೆನ್ನಲು ಬೇರೆ ದಾರಿಯೇ ಇಲ್ಲದಾಗ ಅದು ಕಚ್ಚುತ್ತದೆ.

ಕೈಗೆ ಬರುವ ಹಾದಿ

ಹಕ್ಕಿ ನಿರಾಳವಾದ ಮೇಲೆ ಅದು ಬಹಳ ಇಷ್ಟಪಡುವ ತಿನಿಸು ಯಾವುದೆಂದು ಗಮನಿಸಬೇಕು. ಬಜರಿಗರ್‌ಗೆ ನವಣೆ ತೆನೆ, ದೊಡ್ಡ ಗಿಣಿಗೆ ಸೂರ್ಯಕಾಂತಿ ಬೀಜ ಸಾಮಾನ್ಯವಾಗಿ ಮೆಚ್ಚುಗೆ. ಉದ್ದನೆಯ ತೆನೆಯ ತುದಿಯನ್ನು ಪಂಜರದ ಕಂಬಿಯ ಹೊರಗಿನಿಂದ ಹಿಡಿದು ಅಲುಗಾಡದೆ ಕೂರಬೇಕು. ತಿಂದರೆ ಸಂತೋಷ, ತಿನ್ನದಿದ್ದರೆ ಎರಡು ನಿಮಿಷಕ್ಕೆ ಎದ್ದು ಹೋಗುವುದು. ದಿನಕ್ಕೆ ಎರಡು ಸಲ, ಐದು ನಿಮಿಷ ಸಾಕು. ದಿನ ಕಳೆದಂತೆ ತೆನೆಯನ್ನು ಗಿಡ್ಡವಾಗಿ ಹಿಡಿಯುತ್ತ ಬಂದರೆ ಹಕ್ಕಿ ಬೆರಳಿನ ಹತ್ತಿರ ಬರುತ್ತದೆ. ಆಮೇಲೆ ತೆರೆದ ಬಾಗಿಲಲ್ಲಿ ಅಂಗೈ ಮೇಲೆ ಕಾಳು, ಕೈ ಯಾವಾಗಲೂ ಹಕ್ಕಿಯ ಎದೆಗಿಂತ ಕೆಳಗಿರಲಿ. ಕೊನೆಗೆ ಕೈಯಲ್ಲಿರುವ ತಿನಿಸು ಮುಟ್ಟಬೇಕಾದರೆ ಬೆರಳಿನ ಮೇಲೆ ಕಾಲಿಡಬೇಕು ಎನ್ನುವಂತೆ ಹಿಡಿದರೆ ಅದೇ ಹತ್ತುತ್ತದೆ. ಹತ್ತಿದಾಗ ಪ್ರತಿಸಲವೂ ಒಂದೇ ಪದ ಹೇಳಿದರೆ, ‘ಬಾ’ ಎಂದರೂ ಸಾಕು, ಅದು ಪದವನ್ನು ಗುರುತಿಡುತ್ತದೆ.

ಮರಿ ಹಕ್ಕಿಗೆ ಇದಕ್ಕೆ ಕೆಲವು ವಾರ ಹಿಡಿಯಬಹುದು. ಹಿಂದೆ ಪೆಟ್ಟು ತಿಂದ, ಹಲವು ಮನೆ ಬದಲಿಸಿದ ಹಕ್ಕಿಗೆ ತಿಂಗಳುಗಳೇ ಬೇಕು. ಕೆಲವು ಹಕ್ಕಿಗಳು ಕೈಗೆ ಬರುವುದೇ ಇಲ್ಲ. ಹತ್ತಿರ ಕೂತರೆ ಹೆದರದಿದ್ದರೆ ಅದೂ ಸಾಕು.

ಅಹಿಂಸಾಣುವ್ರತದ ಅಳತೆಗೋಲು

ತತ್ವಾರ್ಥಸೂತ್ರದ 7ನೇ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಹಕ್ಕಿ ಸಾಕುವವರಿಗೆ ಇವು ನೇರವಾಗಿ ಉಪಯೋಗಕ್ಕೆ ಬರುತ್ತವೆ. ಇಕ್ಕಟ್ಟಾದ ಪಂಜರ, ಕಾಲಿಗೆ ಸರಪಳಿ ಬಂಧವಾಗುತ್ತದೆ. ಕಚ್ಚಿದಾಗ ಕೊಕ್ಕಿಗೆ ಹೊಡೆಯುವುದು, ಪಂಜರ ಅಲುಗಾಡಿಸುವುದು ವಧದ ಸಾಲಿಗೆ ಸೇರುತ್ತದೆ. ಹಾರದಂತೆ ರೆಕ್ಕೆಯ ಗರಿ ಕತ್ತರಿಸುವುದು ಛೇದವನ್ನು ನೆನಪಿಸುತ್ತದೆ, ಗರಿ ಕತ್ತರಿಸಿದ ಹಕ್ಕಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲದೆ ಭಯ ಇನ್ನೂ ಹೆಚ್ಚುತ್ತದೆ. ಬಂದವರೆದುರೆಲ್ಲ ಮಾತಾಡಿಸಿ, ಕೈಯಿಂದ ಕೈಗೆ ದಾಟಿಸಿ ದಣಿಸುವುದೂ ಒಂದು ಭಾರವೇ.

ಐದನೆಯದು ಬಹಳ ಮುಖ್ಯ. ಹಸಿವಿಗೆ ಕೆಡವಿದರೆ ಬೇಗ ಪಳಗುತ್ತದೆ ಎಂದು ಕೆಲವರು ಸಲಹೆ ಕೊಡುತ್ತಾರೆ. ಪುಟ್ಟ ಹಕ್ಕಿ ಒಂದು ದಿನ ಉಪವಾಸವಿದ್ದರೂ ಜೀವಕ್ಕೆ ಕುತ್ತು. ದಿನದ ಆಹಾರ ಬಟ್ಟಲಲ್ಲಿ ಇದ್ದೇ ಇರಬೇಕು, ಕೈಯಲ್ಲಿ ಕೊಡುವುದು ಹೆಚ್ಚಿನ ರುಚಿ ಮಾತ್ರ. ಬಜರಿಗರ್ ಕಾಳಿನ ಸಿಪ್ಪೆ ಬಿಡಿಸಿ ತಿರುಳು ತಿಂದು ಸಿಪ್ಪೆಯನ್ನು ಬಟ್ಟಲಿಗೇ ಬೀಳಿಸುತ್ತದೆ. ಬಟ್ಟಲು ತುಂಬಿದಂತೆ ಕಂಡರೂ ಒಳಗೆ ಬರೀ ಹೊಟ್ಟು ಇರಬಹುದು. ದಿನವೂ ಊದಿ ನೋಡಬೇಕು.

ಆಹಾರ ಮತ್ತು ಎಚ್ಚರಿಕೆ

ಗಿಣಿಗೆ ಮಾಂಸ, ಮೊಟ್ಟೆ ಬೇಕಿಲ್ಲ. ನವಣೆ, ಸಾವಿ, ಸಜ್ಜೆಯ ಜೊತೆಗೆ ದಿನವೂ ತೊಳೆದ ಹಸಿರು ಬೇಕು: ಕೊತ್ತಂಬರಿ, ಮೆಂತ್ಯ, ನುಗ್ಗೆ ಸೊಪ್ಪು, ಎಳೆ ಗೋವಿನಜೋಳ, ಪೇರಲ. ಬರೀ ಕಾಳು ತಿನ್ನುವ ಹಕ್ಕಿಗೆ ಎ ಜೀವಸತ್ವದ ಕೊರತೆ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿ ಕೊಟ್ಟರೂ ಅದು ಸುಮ್ಮನೆ ತಿನ್ನುತ್ತದೆ. ಮನುಷ್ಯರ ನಾಲಿಗೆಗೆ ತಾಗುವ ಖಾರ ಹಕ್ಕಿಗಳಿಗೆ ತಾಗುವುದಿಲ್ಲ. ಬೆಣ್ಣೆಹಣ್ಣು, ಚಾಕೊಲೇಟ್, ಚಹಾ, ಕಾಫಿ, ಉಪ್ಪು ಹಾಕಿದ ತಿನಿಸು, ಈರುಳ್ಳಿ, ಬೆಳ್ಳುಳ್ಳಿ, ಸೇಬಿನ ಬೀಜ ಕೊಡಬಾರದು.

ಕೋಣೆಯಲ್ಲಿ ಹಾರಲು ಬಿಡುವ ಮುನ್ನ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಕನ್ನಡಿ ಮತ್ತು ಗಾಜಿಗೆ ಪರದೆ ಹಾಕಬೇಕು. ಪಂಜರಕ್ಕೆ ಹಿಂತಿರುಗಲು ಅಟ್ಟಾಡಿಸಬಾರದು, ಒಳಗೆ ತಿನಿಸಿಟ್ಟು ಕಾಯಬೇಕು. ದೀಪಾವಳಿಯಲ್ಲಿ ಪಟಾಕಿ ಸದ್ದು ಶುರುವಾಗುವ ಮೊದಲೇ ಪಂಜರವನ್ನು ಒಳಕೋಣೆಗೆ ಒಯ್ಯಬೇಕು. ಒಂದು ರಾತ್ರಿಯ ಆ ಭಯ ತಿಂಗಳುಗಟ್ಟಲೆ ಗಳಿಸಿದ ನಂಬಿಕೆಯನ್ನು ಹಿಂದಕ್ಕೆ ತಳ್ಳಬಲ್ಲದು.

ಗಿಣಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಹಗಲಿಡೀ ಗರಿ ಉಬ್ಬಿಸಿಕೊಂಡು ತೂಕಡಿಸುವುದು, ಉಸಿರಾಡುವಾಗ ಬಾಲ ಏರಿಳಿಯುವುದು, ಪಂಜರದ ತಳದಲ್ಲಿ ಕೂರುವುದು ಕಂಡರೆ ಮರುದಿನಕ್ಕೆ ಕಾಯದೆ ಪಶುವೈದ್ಯರಿಗೆ ತೋರಿಸಬೇಕು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಗದಗಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವೂ ಇದೆ. ಗಿಣಿಯಿಂದ ಮನುಷ್ಯರಿಗೆ ಹರಡುವ ಶ್ವಾಸಕೋಶದ ಜ್ವರವೂ ಉಂಟು. ಪಂಜರ ಸ್ವಚ್ಛಗೊಳಿಸಿದ ಮೇಲೆ ಸಾಬೂನಿನಿಂದ ಕೈ ತೊಳೆಯುವುದನ್ನು ಮಕ್ಕಳಿಗೂ ರೂಢಿಸಬೇಕು.

ಬಜರಿಗರ್, ಲವ್ ಬರ್ಡ್‌ಗಳು ಹಿಂಡಿನ ಹಕ್ಕಿಗಳು. ಮನೆಯವರು ಹಗಲೆಲ್ಲ ಅಂಗಡಿ, ಶಾಲೆಯಲ್ಲಿದ್ದರೆ ಒಂಟಿ ಹಕ್ಕಿ ಸೊರಗುತ್ತದೆ. ಸಾಕಲಾಗದೆ ಕೊಡಲು ಬಯಸುವ ಮನೆಯಿಂದ ಜೊತೆಗೊಂದನ್ನು ತರಬಹುದು, ಆದರೆ ಮೊದಲ ಒಂದು ತಿಂಗಳು ಬೇರೆ ಕೋಣೆಯಲ್ಲಿಟ್ಟು ಆರೋಗ್ಯ ನೋಡಿಕೊಳ್ಳಬೇಕು. ಇಷ್ಟು ವರ್ಷ, ಇಷ್ಟು ಹೊತ್ತು ಕೊಡಲು ಸಾಧ್ಯವಿಲ್ಲವೆಂದು ಅನಿಸಿದರೆ ಹಕ್ಕಿಯನ್ನು ಸ್ವೀಕರಿಸುವ ಮುನ್ನವೇ ಹಾಗೆಂದು ಹೇಳಿ, ಅದಕ್ಕೆ ಸರಿಯಾದ ಮನೆ ಹುಡುಕಿಕೊಡುವುದು ಉತ್ತಮ.